ಕಾನಿನ ಅಂಚಿನಲ್ಲಿ

ಕಳೆದ ಮಳೆಗಾಲದ ಕೊನೆಯಲ್ಲಿ ಸೊರಬದ ಕಡೆಯ ಮನೆಯೊಂದಕ್ಕೆ ರೋಗಿಗೆ ಪರಮಪ್ರಸಾದವನ್ನು ಕೊಂಡೊಯ್ದಿದ್ದೆ. ಹೊರಡುವಾಗ ಮನೆಯ ಹಿರಿಯರು ತೋಟದಾಚೆಯ ಕಾನನ್ನು ತೋರಿಸಿ, “ಫಾದರ್, ಅಂಚು ಸವರಿ ಅಡಿಕೆ ಹಾಕೋಣವೆಂದು ಮಗನ ಹಟ. ನೀವೇ ಹೇಳಿ” ಎಂದರು.

ಸೊರಬ, ಶಿಕಾರಿಪುರಗಳ ಬಯಲುಗಳ ನಡುವೆ ದ್ವೀಪಗಳಂತೆ ಉಳಿದಿರುವ ಈ ಕಾನುಗಳು ಪುರಾತನ ಮಳೆಕಾಡಿನ ಕುರುಹುಗಳು. ಕಾರವಾರದಾಚೆಯ ಕಡಲತಳದ ಕೆಸರಿನಲ್ಲಿ ಹುದುಗಿದ್ದ ಪರಾಗಕಣಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಸುಮಾರು 3500 ವರ್ಷಗಳ ಹಿಂದೆ ಮಳೆ ಕ್ಷೀಣಿಸಿ ಕಾಡು ಹಿಂಜರಿಯಿತೆಂದು 1994ರಲ್ಲಿ ತಿಳಿಸಿದರು. ಶಿಕಾರಿಪುರಕ್ಕೆ ಪೂರ್ವದಲ್ಲಿ, ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಆ ಕಾಲದ ಬೇಸಾಯಗಾರರು ನೆಲೆಸಿದ್ದರು. ಮುಂದೆ ಕಬ್ಬಿಣವೂ ಅವರ ಕೈಸೇರಿತು. ತೆಳುವಾದ ಕಾಡನ್ನು ಬೆಂಕಿ, ಕೊಡಲಿಗಳಿಂದ ತೆರವುಗೊಳಿಸುತ್ತ ಮಾನವನು ಮಲೆನಾಡಿನತ್ತ ಸಾಗಿರಬೇಕು. ಬರದ ಪಾಲೆಷ್ಟು, ಕೊಡಲಿಯ ಪಾಲೆಷ್ಟು ಎಂಬುದು ಇಂದಿಗೂ ಚರ್ಚೆಯ ವಿಷಯ.

ಆದರೂ ಬಂದವರು ಎಲ್ಲವನ್ನೂ ಕಡಿಯಲಿಲ್ಲ. ದೇವರ ಹೆಸರಿನಲ್ಲಿ ಕಾನುಗಳನ್ನು ಕಾಯ್ದುಕೊಂಡರು. ಅವುಗಳಿಂದ ಕಾಳುಮೆಣಸನ್ನೂ ಬತ್ತದ ನೀರನ್ನೂ ಪಡೆದರು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ದಾಖಲಿಸಿದ್ದರು. ಅನಂತರ ಮರ ಕಡಿತ, ನೆಡುತೋಪು, ಒತ್ತುವರಿಗಳಿಂದ ಎಷ್ಟೋ ಕಾನುಗಳು ಸೊರಗಿದವು.

ಹಿರಿಯರಿಗೆ ಉಪದೇಶ ಮಾಡಲು ನನಗೆ ಬಾಯಿ ಬರಲಿಲ್ಲ. ನನ್ನ ತಂದೆಯೂ ಕರಾವಳಿಯಿಂದ ಘಟ್ಟ ಹತ್ತಿ ಬಂದು, ಕಾಡು ಕಡಿದೇ ತೋಟ ಮಾಡಿದವರು. ಅದರ ಫಲದಿಂದಲೇ ನಾನು ಗುರುಮಠದಲ್ಲಿ ಓದಿದೆ. ಆದ್ದರಿಂದ ಆ ಕಥೆಯನ್ನಷ್ಟೇ ಹೇಳಿದೆ. ಆ ತೋಟದ ಬಾವಿ ಈಗ ಮಾರ್ಚಿ ತಿಂಗಳಿಗೇ ಬತ್ತುತ್ತದೆ ಎಂಬುದನ್ನೂ ಹೇಳಿದೆ. ಮಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.