ಹನ್ನೆರಡು ಕೇಸರಗಳ ಗಿಡ

ಬೆಟ್ಟದ ಮೇಲಣ ಹೂವೊಂದನ್ನು ಕಂಡೊಡನೆಯೇ “ಏನೋ ಜಂಗಲೀ ಹೂ” ಎಂದು ನುಡಿದು ಮುಖ ತಿರುಗಿಸಿಬಿಡುವ ಸಜ್ಜನರ ವಿಷಯದಲ್ಲಿ ನನಗಿರುವ ಅಸಮಾಧಾನವು ವಯಸ್ಸಿನೊಡನೆ ಶಮನವಾಗುವುದಕ್ಕೆ ಬದಲಾಗಿ ವೃದ್ಧಿಯಾಗುತ್ತಲೇ ಬಂದಿದೆ. ಮೊನ್ನೆ ಸಂಕೇಶ್ವರದಿಂದ ಗಡಹಿಂಗ್ಲಜವನ್ನು ಹಾಯ್ದು ಮಹಾಗಾಂವಕ್ಕೆ ಹೋಗುತ್ತಿದ್ದಾಗ, ಎಸ್.ಟಿ. ಬಸ್ಸಿನಲ್ಲಿ ನನ್ನ ಮಗ್ಗುಲಿಗೆ ಕುಳಿತಿದ್ದ ವಿದ್ಯಾವಂತ ತರುಣನೊಬ್ಬನು ದಾರಿಯ ಓರೆಯ ಕೆಂಪು ಪೊದೆಯನ್ನು ಕುರಿತು ಅದೇ ಮಾತನ್ನು ಆಡಿದನು. ಅದು ಧಾಯಟಿ. ವೈದ್ಯಗ್ರಂಥಗಳ ಧಾತಕಿ, ನಮ್ಮ ಕೆಲವು ಪುಸ್ತಕಗಳ ತಾಮ್ರಪುಷ್ಪಿ. ನಾನು ಸುಮ್ಮನಿದ್ದೆ, ನನ್ನ ಸೋದರಮಾವನಿದ್ದಿದ್ದರೆ ಬಸ್ಸನ್ನೇ ನಿಲ್ಲಿಸಿಬಿಡುತ್ತಿದ್ದನು.

ಮಹಾಗಾಂವದಲ್ಲಿ ವೈದ್ಯವೃತ್ತಿಯನ್ನು ಮಾಡಿಕೊಂಡಿದ್ದ ಆ ಪುಣ್ಯಾತ್ಮನು ಓಣಿಯಲ್ಲಿ ಮರಾಠಿಯನ್ನೂ ಮನೆಯಲ್ಲಿ ಕನ್ನಡವನ್ನೂ ಬಾಕಿ ತೀರಿಸದ ರೋಗಿಗಳೊಡನೆ ಸಂಸ್ಕೃತವನ್ನೂ ಆಡುತ್ತಿದ್ದನು. ಫಾಲ್ಗುಣ ಬಂದಿತೆಂದರೆ ಮನೆಯ ಮಕ್ಕಳನ್ನೆಲ್ಲ ಕಟ್ಟಿಕೊಂಡು ಸಾಮಾನಗಡವನ್ನು ಏರುವುದು ಅವನ ವಾರ್ಷಿಕ ವ್ರತ. 1844ರಲ್ಲಿ ಗಡಕರಿಗಳು ಬಂಡೆದ್ದ ಕೋಟೆಯೆಂದು ನಾವು ಬುರುಜುಗಳ ಕಡೆಗೆ ಓಡಿದರೆ, ಅವನು ಮಾತ್ರ ಇಳಿಜಾರಿನ ಪೊದೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಕೂಗುವನು: “ಬಾ ಇಲ್ಲಿ ಅಳಿಯಾ! ಹೆಸರು ಆಮ್ಯಾಲ ಹೇಳತೇನಿ, ಮೊದಲ ಎಣಸು.”

ಎಣಿಸುವುದೆಂದರೆ ಸುಲಭವಾಗಿರಲಿಲ್ಲ. ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲದ, ತುಸು ಬಾಗಿದ ತುತೂರಿಯಂತಹ ಆ ಹೂವಿನ ಕೆಂಪು ದಳಗಳದ್ದೆಂದು ನೋಡುವವರೆಲ್ಲ ಭಾವಿಸುತ್ತಾರೆ. ಆದರೆ ಅದು ಪುಷ್ಪಪಾತ್ರೆಯ ಕೆಂಪು. ನಿಜವಾದ ದಳಗಳು ಆರು, ಪಾತ್ರೆಯ ಅಂಚಿನ ಹಲ್ಲುಗಳ ನಡುವೆ ಇದ್ದೂ ಇಲ್ಲದಂತೆ ಅಡಗಿಕೊಂಡ ಎಳೆಗಳು. ಅವುಗಳನ್ನು ದಾಟಿ ಹೊರಚಾಚುವ ಕೇಸರಗಳು ಹನ್ನೆರಡು. “ದ್ವಾದಶಾದಿತ್ಯರು!” ಎಂದು ಮಾವನು ತೊಡೆ ತಟ್ಟಿಕೊಳ್ಳುವನು. ಸೂರಕ್ಕಿಗಳಿಗೆ ಈ ಗಣಿತದ ಗೊಡವೆಯಿಲ್ಲ, ಬಂದು ಜೇನು ಹೀರಿ ಹೋಗುತ್ತವೆ. ನಾವೂ ಎಣಿಸಿದ ಹೂವಿನ ಬುಡವನ್ನು ಚೀಪಿ ಬಿಸಾಡುತ್ತಿದ್ದೆವು. ಯಡಮುರಿಯೂ ಕೆಂಪೇ, ಆದರೆ ಅದರ ಹೂ ಹಳತಾದಂತೆ ಬೂದಿಬಣ್ಣಕ್ಕೆ ತಿರುಗುತ್ತದೆ. ಕಾರ್ವಿಯಂತೂ ನೀಲಿ, ಏಳು ವರ್ಷಕ್ಕೊಮ್ಮೆ ಮಾತ್ರ ದರ್ಶನ ಕೊಡುವ ಗರ್ವಿಷ್ಠೆ. ಧಾಯಟಿಯಾದರೋ ಹೂವು ಮುಗಿದ ಮೇಲೆಯೂ ಕೆಂಪು ಪಾತ್ರೆಯನ್ನು ಕಳಚದೆ ಕಾಯಿಗೆ ಹೊದೆಸಿಯೇ ಇಟ್ಟಿರುತ್ತದೆ. ಇಂದಿನ ಸಸ್ಯಶಾಸ್ತ್ರಜ್ಞರು ಮದರಂಗಿಯೊಡನೆ ದಾಳಿಂಬೆಯನ್ನೂ ಇದರ ಕುಟುಂಬಕ್ಕೆ ಸೇರಿಸಿದ್ದಾರೆಂದು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ದಾಳಿಂಬೆಯ ತಲೆಯ ಮೇಲಣ ಕಿರೀಟವೂ ಉದುರದೆ ಉಳಿದ ಪುಷ್ಪಪಾತ್ರೆಯೇ ತಾನೆ.

ಲಿನೇಯಸ್ ಪಂಡಿತನು 1759ರಲ್ಲಿ ಇದನ್ನು ತನ್ನ ದ್ವಾದಶಕೇಸರ ವರ್ಗದಲ್ಲಿ ಕೂರಿಸಿದ್ದನೆಂಬುದನ್ನೂ, ಪುಣೆಯ ವಿಜ್ಞಾನ ಕಾಲೇಜಿನ ಪ್ರಾಚಾರ್ಯನಾಗಿದ್ದ ಥಿಯೊಡೋರ್ ಕುಕ್ ಎಂಬ ಇಂಜಿನಿಯರನು ನಿವೃತ್ತನಾದ ಬಳಿಕ, 1901ರಿಂದ 1908ರವರೆಗೆ, ಮುಂಬಯಿ ಪ್ರಾಂತದ ಸಸ್ಯಗಳನ್ನೆಲ್ಲ ವರ್ಣಿಸಿ ಗ್ರಂಥ ಪ್ರಕಟಿಸಿದನೆಂಬುದನ್ನೂ ನಾನು ಅರಿತದ್ದು ಬಹುಕಾಲದ ಮೇಲೆ. ಮಾವನಿಗೆ ಚರಕನೊಬ್ಬನೇ ಸಾಕಾಗಿದ್ದನು. ಮುರಿದುದನ್ನು ಕೂಡಿಸುವ ಸಂಧಾನೀಯ ದ್ರವ್ಯಗಳ ಹತ್ತರಲ್ಲಿ ಧಾತಕಿ ಒಂದು. ಪುಷ್ಪಾಸವಗಳ ಹತ್ತರಲ್ಲಿಯೂ ಅದೇ ಒಂದು. ಅರಿಷ್ಟದ ಕಷಾಯಕ್ಕೆ ಬೆಲ್ಲದೊಡನೆ ಒಣಗಿದ ಧಾಯಟಿಯ ಹೂಗಳನ್ನು ಹಾಕಿ, ಗಡಿಗೆಯ ಬಾಯಿಗೆ ಅರಿವೆಯನ್ನೂ ಮಣ್ಣನ್ನೂ ಮೆತ್ತಿ, ಜೋಳದ ರಾಶಿಯಲ್ಲಿ ಹುಗಿದಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಔಷಧ ಸಿದ್ಧ. ಹೂವಿನ ಮಕರಂದಕ್ಕೆ ಅಂಟಿಕೊಂಡಿರುವ ಸೂಕ್ಷ್ಮ ಕಿಣ್ವಜೀವಿಗಳೇ ಬೆಲ್ಲವನ್ನು ಮದ್ಯವಾಗಿಸುತ್ತವೆಂದು ಈಗಿನವರು ಹೇಳುತ್ತಾರೆ. ಮದ್ಯ! ಕೊಲ್ಲಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದ 1949ನೆಯ ಇಸವಿಯೇ ಪಾನನಿಷೇಧದ ಶಾಸನದ ಇಸವಿಯೂ ಆದುದರಿಂದ, ಮಾವನ ಗಡಿಗೆಗಳನ್ನು ಮೂಸಿ ನೋಡಲು ಒಬ್ಬ ಜಮಾದಾರನು ಬಂದನಂತೆ. ಮಾವನು ಅವನ ನಾಡಿಯನ್ನು ಹಿಡಿದು ನೋಡಿ, ಅಗ್ನಿಮಾಂದ್ಯವೆಂದು ನಿರ್ಣಯಿಸಿ, ಅದೇ ಗಡಿಗೆಯಿಂದ ಎರಡು ಚಮಚ ಕುಡಿಸಿ ಕಳುಹಿದನೆಂದೂ, ಜಮಾದಾರನು ಆಮೇಲೆ ಸಮವಸ್ತ್ರವಿಲ್ಲದೆ ಹಲವು ಸಲ ಬಂದನೆಂದೂ ಅತ್ತೆಯು ಹೇಳುತ್ತಿದ್ದಳು.

ಈ ಸಲವೂ ಗಡವನ್ನು ಹತ್ತಿದೆ. ನಾವು ಎಣಿಸುತ್ತ ಕುಳಿತಿರುತ್ತಿದ್ದ ಓರೆಯಲ್ಲಿ ಯಾರೋ ವನಪ್ರೇಮಿಗಳು ಸಾಲುಸಾಲಾಗಿ ಗ್ಲಿರಿಸಿಡಿಯಾ ನೆಟ್ಟಿದ್ದಾರೆ. ಮಧ್ಯ ಅಮೆರಿಕದಿಂದ ಬಂದ ಈ ಗೊಬ್ಬರದ ಮರವು ನಸುಗೆಂಪು ಗೊಂಚಲುಗಳಿಂದ ಕಣ್ಣಿಗೆ ಹಿತವಾಗಿಯೇ ಇದೆ. ಅದರ ಹೂವನ್ನೂ ಬಿಡಿಸಿದೆ, ಒಂಬತ್ತು ಕೂಡಿಕೊಂಡು ಒಂದು ಬೇರೆಯಾಗಿ ನಿಂತ ಹತ್ತು ಕೇಸರಗಳು. ಮರದ ಮೇಲೆ ನನ್ನ ದೂರಿಲ್ಲ. ಆದರೆ ಹಸುರು ಬೆಳೆಸುವ ಉತ್ಸಾಹದಲ್ಲಿ ಅಲ್ಲಿದ್ದ ಹಸುರನ್ನು ಸವರಿ ಗುಂಡಿ ತೋಡುವ ಈ ಪರೋಪಕಾರವು ನನಗೆ ಅರ್ಥವಾಗುವುದಿಲ್ಲ. ಕಡಿದ ಬುಡಗಳಲ್ಲಿ ಕೆಲವು ಚಿಗುರಿದ್ದವು. ಹೂವಿಲ್ಲದುದರಿಂದ ಎದುರುಬದುರಾದ ಎಲೆಗಳನ್ನು ಮಗುಚಿ, ಬೆನ್ನಿನ ಕಪ್ಪು ಚುಕ್ಕೆಗಳನ್ನು ನೋಡಿ ಧಾಯಟಿಯೆಂದು ನಿಶ್ಚಯಿಸಿಕೊಳ್ಳಬೇಕಾಯಿತು. ಮಾವನು ಇದನ್ನು ಒಪ್ಪುತ್ತಿರಲಿಲ್ಲ. ಎಲೆ ನೋಡಿ ಗಿಡ ಗುರುತಿಸುವುದು ಆಡಿನ ವಿದ್ಯೆಯೆಂದೇ ಅವನ ಮತ.