ವಾಟರ್ ಕೂಲಿಂಗ್, ಭಾಗ 3: ಗಾಳಿ ಹಿಡದೈತಿ

ಪಿಸಿ ಇನ್ನೂ ಚಾಲೂ ಮಾಡಿಲ್ಲ. ಇವತ್ತು ಕರೆಂಟ್ ಬರೀ ಪಂಪಿಗೆ. ಮದರ್‌ಬೋರ್ಡಿನ ವೈರ್ ಎಲ್ಲಾ ಬಿಚ್ಚಿಟ್ಟೀನಿ. ನೀರು ಸೋರಿದ್ರೂ ಬೋರ್ಡ್ ಸುಡಬಾರದು. ಎರಡು ವರ್ಷ ಕೂಡಿಸಿದ ರೊಕ್ಕ ಅದರಾಗೈತಿ.

ಪಂಪ್ ಗರ್ ಅಂತು, ನೀರು ಮುಂದ ಹೋಗಲಿಲ್ಲ. ಬಾಗಿಲದಾಗ ನಿಂತಿದ್ದ ಅಪ್ಪ, "ಬಂದ್ ಮಾಡೋ! ಗಾಳಿ ಹಿಡದೈತಿ. ಒಣಾ ಮೋಟರ್ ಓಡಿಸಿದ್ರ ಸುಡತೈತಿ" ಅಂದ. ಕಬ್ಬಿಗೆ ನೀರು ಹಾಯಿಸೋ ಮನಷ್ಯಾ. ಪಿಸಿ ಗೊತ್ತಿಲ್ಲ, ಪಂಪ್ ಗೊತ್ತು.

ರಿಸರ್ವಾಯರ್ ಮತ್ತ ತುಂಬಿಸಿ, ಕೇಸ್ ಓರೆ ಮಾಡಿ, ಬಿಟ್ಟು ಬಿಟ್ಟು ಚಾಲೂ ಮಾಡಿದ್ವಿ. ಗುಳ್ಳೆ ಎದ್ದು ಬಂದ್ವು, ನೀರು ತಿರುಗಿತು.

ನೀವೂ ಮಾಡೋದಿದ್ರ ಬೋರಿನ ನೀರು ಹಾಕಬ್ಯಾಡ್ರಿ, ಬ್ಲಾಕಿನ ಸಣ್ಣ ಸಂದಿಯೊಳಗ ಉಪ್ಪು ಕಟ್ಟತೈತಿ. ಕೂಲಂಟ್ ಹಾಕ್ರಿ. ತಾಮ್ರದ ಬ್ಲಾಕಿಗೆ ಅಲ್ಯೂಮಿನಿಯಂ ರೇಡಿಯೇಟರ್ ಜೋಡಿಸಬ್ಯಾಡ್ರಿ, ಅಲ್ಯೂಮಿನಿಯಂ ಸವೆದು ಹೋಗತೈತಿ. ಮತ್ತ ಇದು ಏಸಿ ಅಲ್ಲ: ಮೇಲವಂಕಿ ಬ್ಯಾಸಗಿಯೊಳಗ ರೂಮ್ 38 ಡಿಗ್ರಿ ಇದ್ರ, ನೀರು ಅದಕ್ಕಿಂತ ತಣ್ಣಗ ಆಗೂದಿಲ್ಲ.

ಈಗ ಪ್ರತಿ ಫಿಟ್ಟಿಂಗ್ ಕೆಳಗ ಟಿಶ್ಯೂ ಇಟ್ಟೀನಿ. 24 ತಾಸು ಪಂಪ್ ಓಡಬೇಕು. ರಾತ್ರಿ ತ್ರೀ ಫೇಸ್ ಬಂತು ಅಂತ ಹೊಲಕ್ಕ ಹೊಂಟ ಅಪ್ಪ, ಬಗ್ಗಿ ಒಂದೊಂದ ಟಿಶ್ಯೂ ಮುಟ್ಟಿ ನೋಡಿದ.

"ಒಣಾ ಐತಿ. ಮಲಕ್ಕೋ."