ಮಳೆ ನಿಂತರೂ ನಿಲ್ಲದ ಹನಿ

1882ನೆಯ ಇಸವಿ. ಅಮೆರಿಕದ ಆಲ್ಬನಿ ನಗರದಲ್ಲಿ ಒಂದು ಮನೆ. ರಾತ್ರಿ ಎರಡು ಗಂಟೆಯ ಸಮಯ. ಅಡಿಗೆಮನೆಯ ಮೇಜಿನ ಮೇಲೆ ವಯಸ್ಸಾದ ಹೆಂಗಸೊಬ್ಬಳನ್ನು ಮಲಗಿಸಿದ್ದಾರೆ. ಜ್ವರದಿಂದಲೂ ಹೊಟ್ಟೆಯ ಬೇನೆಯಿಂದಲೂ ಆಕೆ ಬಸವಳಿದಿದ್ದಾಳೆ. ಬೆಳಗಿನವರೆಗೆ ಕಾದರೆ ಬದುಕುವ ಭರವಸೆಯಿಲ್ಲ. ದೀಪದ ಬೆಳಕಿನಲ್ಲಿ ಶಸ್ತ್ರ ಹಿಡಿದು ನಿಂತವನು ಬೇರೆ ಯಾರೂ ಅಲ್ಲ, ಆಕೆಯ ಹೊಟ್ಟೆಯಲ್ಲಿ ಹುಟ್ಟಿದ ಮಗನೇ. ಅವನ ಕೈ ನಡುಗಲಿಲ್ಲ. ತಾಯಿಯ ಪಿತ್ತಕೋಶವನ್ನು ಬಿಡಿಸಿ, ಕೀವನ್ನೂ ಕಲ್ಲುಗಳನ್ನೂ ಹೊರತೆಗೆದನು. ತಾಯಿ ಬದುಕಿದಳು.

ಆ ಮಗನ ಹೆಸರು ವಿಲಿಯಂ ಹಾಲ್‌ಸ್ಟೆಡ್. ಅದಕ್ಕೆ ಒಂದು ವರ್ಷದ ಹಿಂದೆ, ಹೆರಿಗೆಯಾದ ಮೇಲೆ ರಕ್ತಸ್ರಾವದಿಂದ ಸಾಯುವ ಸ್ಥಿತಿಯಲ್ಲಿದ್ದ ತಂಗಿಗೆ ತನ್ನ ತೋಳಿನ ರಕ್ತವನ್ನೇ ಎತ್ತಿಕೊಟ್ಟು ಉಳಿಸಿದವನೂ ಅವನೇ. ನ್ಯೂಯಾರ್ಕಿನ ಶ್ರೀಮಂತ ಮನೆತನದಲ್ಲಿ 1852ರಲ್ಲಿ ಹುಟ್ಟಿದ ಈತನು ಯೇಲ್ ವಿದ್ಯಾಲಯದಲ್ಲಿ ಕಾಲ್ಚೆಂಡಿನ ತಂಡದ ನಾಯಕನಾಗಿದ್ದನು; ವೈದ್ಯ ಪದವಿ ಪಡೆದ ಮೇಲೆ ವಿಯೆನ್ನಾ ಮತ್ತು ಜರ್ಮನಿಗಳಲ್ಲಿ ಎರಡು ವರ್ಷ ಕಲಿತು ಬಂದನು. ನ್ಯೂಯಾರ್ಕಿನಲ್ಲಿ ಹಲವು ಆಸ್ಪತ್ರೆಗಳು ಏಕಕಾಲಕ್ಕೆ ಅವನನ್ನು ಬಯಸಿದವು. ಹಗಲು ಶಸ್ತ್ರಕ್ರಿಯೆ, ಸಂಜೆ ಶಿಷ್ಯರಿಗೆ ಪಾಠ, ರಾತ್ರಿ ಗೆಳೆಯರ ಕೂಟ. ದಣಿವೆಂಬುದೇ ಆ ದೇಹಕ್ಕೆ ತಿಳಿಯದು ಎಂದು ಕಂಡವರಿಗೆ ಅನ್ನಿಸುತ್ತಿತ್ತು. ಇಂಥವನು ಮೂರೇ ವರ್ಷಗಳಲ್ಲಿ ಒಂದು ವಾಕ್ಯವನ್ನೂ ನೆಟ್ಟಗೆ ಬರೆಯಲಾರದವನಾದನೆಂದರೆ ಯಾರು ನಂಬಿಯಾರು?

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಜನ ಕೋಕಾ ಎಂಬ ಗಿಡದ ಎಲೆಯನ್ನು ಸಾವಿರಾರು ವರ್ಷಗಳಿಂದ ಅಗಿಯುತ್ತ ಬಂದವರು. ಆ ಎಲೆಯ ಸತ್ತ್ವವನ್ನು ಜರ್ಮನಿಯ ಆಲ್ಬರ್ಟ್ ನೀಮನ್ 1860ರ ಸುಮಾರಿನಲ್ಲಿ ಬೇರ್ಪಡಿಸಿ ಕೊಕೇನ್ ಎಂದು ಹೆಸರಿಟ್ಟನು. 1884ರಲ್ಲಿ ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೋಲರನು ಇದರ ಒಂದೆರಡು ತೊಟ್ಟನ್ನು ಕಣ್ಣಿಗೆ ಹಾಕಿದರೆ ಕಣ್ಣು ಮರಗಟ್ಟುತ್ತದೆ, ನೋವಿಲ್ಲದೆ ಶಸ್ತ್ರಕ್ರಿಯೆ ಮಾಡಬಹುದು ಎಂದು ಕಂಡುಹಿಡಿದನು. ಆ ವರ್ಷದ ಸೆಪ್ಟೆಂಬರಿನಲ್ಲಿ ಹೈಡೆಲ್‌ಬರ್ಗಿನ ವೈದ್ಯ ಸಮ್ಮೇಳನದಲ್ಲಿ ಅದನ್ನು ಪ್ರದರ್ಶಿಸಲಾಯಿತು. ಪ್ರಯಾಣಕ್ಕೆ ಹಣವಿಲ್ಲದ ಕೋಲರನ ಪ್ರಬಂಧವನ್ನು ಅವನ ಪರವಾಗಿ ಮತ್ತೊಬ್ಬರು ಓದಿದರು. ಸುದ್ದಿ ಕೆಲವೇ ವಾರಗಳಲ್ಲಿ ಸಮುದ್ರ ದಾಟಿತು.

ಕಣ್ಣಿಗೆ ಆಗುವುದು ಕೈಗೆ ಏಕಾಗಬಾರದು, ಹಲ್ಲಿಗೆ ಏಕಾಗಬಾರದು? ಹಾಲ್‌ಸ್ಟೆಡ್ ಮತ್ತು ಅವನ ಸಂಗಡಿಗರು ಕೊಕೇನನ್ನು ನರದ ಬುಡಕ್ಕೆ ಸೂಜಿಯಿಂದ ಕೊಟ್ಟು, ಆ ನರ ಹರಡಿರುವ ಭಾಗವನ್ನೆಲ್ಲ ಮರಗಟ್ಟಿಸುವ ವಿಧಾನವನ್ನು ಕಂಡುಕೊಂಡರು. ಇಂದು ದಂತವೈದ್ಯರು ಹಲ್ಲು ಕೀಳುವ ಮೊದಲು ದವಡೆಗೆ ಕೊಡುವ ಸೂಜಿಮದ್ದಿನ ಮೂಲ ಅಲ್ಲಿದೆ. ಆದರೆ ಪರೀಕ್ಷೆಗೆ ದೇಹ ಬೇಕಲ್ಲ! ರೋಗಿಗಳ ಮೇಲೆ ಪ್ರಯೋಗಿಸುವ ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಳ್ಳುವುದು ಧರ್ಮವೆಂದು ಅವರು ಎಣಿಸಿದರು. ಉದ್ದೇಶ ಒಳ್ಳೆಯದೇ ಆಗಿತ್ತು. ಮದ್ದು ಉದ್ದೇಶವನ್ನು ಕೇಳುವುದಿಲ್ಲ. ಆ ತರುಣರಲ್ಲಿ ಹಲವರು ವ್ಯಸನಕ್ಕೆ ಬಿದ್ದರು. ಕೆಲವರು ಮೇಲೇಳಲೇ ಇಲ್ಲ. 1885ರ ಸೆಪ್ಟೆಂಬರಿನಲ್ಲಿ ಹಾಲ್‌ಸ್ಟೆಡ್ ಕೊಕೇನನ್ನು ಕುರಿತು ಒಂದು ವೈದ್ಯಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದನು. ಅದರ ಮೊದಲನೆಯ ವಾಕ್ಯವೇ ಎತ್ತ ಹೊರಟಿತು, ಎಲ್ಲಿ ಮುಟ್ಟಿತು ಎಂಬುದು ಓದಿದವರಿಗೆ ತಿಳಿಯದಾಯಿತು. ಆ ಒಂದು ಪುಟವೇ ಅವನ ಸ್ಥಿತಿಗೆ ಸಾಕ್ಷಿಯಾಗಿ ಉಳಿಯಿತು.

ಇಲ್ಲಿ ಒಂದು ವಿಚಿತ್ರವುಂಟು. ಇಷ್ಟು ಬಲವಾಗಿ ಮನುಷ್ಯನನ್ನು ಹಿಡಿಯುವ ಈ ವಸ್ತು ದೇಹದಲ್ಲಿ ನಿಲ್ಲುವುದು ಎಷ್ಟು ಹೊತ್ತು? ಬಹಳ ಸ್ವಲ್ಪ. ಒಳಗೆ ಬಂದೊಡನೆಯೇ ರಕ್ತದಲ್ಲಿಯೂ ಯಕೃತ್ತಿನಲ್ಲಿಯೂ ಇರುವ ಕಿಣ್ವಗಳು ಅದನ್ನು ಒಡೆಯತೊಡಗುತ್ತವೆ. ಸುಮಾರು ಒಂದು ಗಂಟೆಗೆ ರಕ್ತದಲ್ಲಿದ್ದ ಕೊಕೇನ್ ಅರ್ಧವಾಗುತ್ತದೆ. ನೂರು ಪಾಲಿದ್ದದ್ದು ಐವತ್ತಾಗಿ, ಮತ್ತೊಂದು ಗಂಟೆಗೆ ಇಪ್ಪತ್ತೈದಾಗಿ, ಆರು ಗಂಟೆ ಕಳೆಯುವುದರೊಳಗೆ ಒಂದೆರಡು ಪಾಲಿಗೆ ಇಳಿಯುತ್ತದೆ. ಒಡೆದ ಚೂರುಗಳಲ್ಲಿ ಮುಖ್ಯವಾದ ಬೆಂಜಾಯಿಲ್ ಎಕ್ಗೊನೀನ್ ಎಂಬುದು ನಿಧಾನವಾಗಿ ಮೂತ್ರಪಿಂಡಗಳ ಮೂಲಕ ಹೊರಬೀಳುತ್ತದೆ. ಮೂತ್ರಪರೀಕ್ಷೆಯಲ್ಲಿ ವೈದ್ಯರು ಹುಡುಕುವುದು ಇದನ್ನೇ. ಎಂದೋ ಒಮ್ಮೆ ಸೇವಿಸಿದವನಲ್ಲಿ ಇದು ಎರಡರಿಂದ ನಾಲ್ಕು ದಿನಗಳವರೆಗೆ ಕಾಣಿಸಿಕೊಳ್ಳಬಹುದು. ಬಹುಕಾಲ ಹೆಚ್ಚಾಗಿ ಸೇವಿಸಿದವನಲ್ಲಿ ವಾರ ಮೀರಿಯೂ ಸಿಕ್ಕಬಹುದು. ಕೂದಲಿನಲ್ಲಿ ಮಾತ್ರ ಅದರ ಗುರುತು ತಿಂಗಳುಗಟ್ಟಲೆ ಉಳಿಯುತ್ತದೆ.

ಈ ಕೆಲಸವನ್ನು ದೇಹ ತನ್ನ ಪಾಡಿಗೆ ತಾನು ಮಾಡಿಕೊಳ್ಳುತ್ತದೆ. ಕೊಡಗಟ್ಟಲೆ ನೀರು ಕುಡಿದರೂ, ಬೆವರಿಳಿಯುವಂತೆ ಓಡಿದರೂ, ಕಷಾಯ ಕುಡಿದರೂ ಕಿಣ್ವಗಳು ತಮ್ಮ ನಡಿಗೆಯನ್ನು ಚುರುಕು ಮಾಡುವುದಿಲ್ಲ. ಮದ್ಯ ಜೊತೆಗೂಡಿದರಂತೂ ಯಕೃತ್ತಿನಲ್ಲಿ ಕೋಕಎಥಿಲೀನ್ ಎಂಬ ಬೇರೊಂದು ವಸ್ತು ಹುಟ್ಟುತ್ತದೆ. ಅದು ಕೊಕೇನಿಗಿಂತ ಹೆಚ್ಚು ಹೊತ್ತು ನಿಂತು ಹೃದಯಕ್ಕೆ ಹೆಚ್ಚಿನ ಅಪಾಯ ತರುತ್ತದೆ.

ಹಾಗಾದರೆ ನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕಿದರೆ ರೋಗ ವಾಸಿಯಾಗಬೇಕಲ್ಲ? ಹಾಲ್‌ಸ್ಟೆಡನ ಗೆಳೆಯರೂ ಹೆಚ್ಚುಕಡಿಮೆ ಹಾಗೆಯೇ ಯೋಚಿಸಿದರು. ವಿಲಿಯಂ ವೆಲ್ಚ್ ಎಂಬ ಆಪ್ತಮಿತ್ರನು 1886ರ ಆರಂಭದಲ್ಲಿ ಹಾಯಿಹಡಗೊಂದನ್ನು ಗೊತ್ತುಮಾಡಿ ಅವನನ್ನು ಕೆರಿಬಿಯನ್ ಸಮುದ್ರದ ದ್ವೀಪಗಳತ್ತ ಕರೆದೊಯ್ಯುವ ಏರ್ಪಾಡು ಮಾಡಿದನು. ಸುತ್ತಲೂ ಸಮುದ್ರ, ಮದ್ದಿನಂಗಡಿಯಿಲ್ಲ, ಹಳೆಯ ಸಂಗಡಿಗರಿಲ್ಲ. ಆದರೂ ಯಾತ್ರೆ ಫಲಿಸಲಿಲ್ಲ. ಹಿಂದಿರುಗಿದವನು ಅದೇ ವರ್ಷ ಪ್ರಾವಿಡೆನ್ಸ್ ನಗರದ ಬಟ್ಲರ್ ಆಸ್ಪತ್ರೆಯನ್ನು ಸೇರಬೇಕಾಯಿತು.

ಮಳೆ ನಿಂತರೂ ಮರದ ಹನಿ ನಿಲ್ಲದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಮದ್ದು ರಕ್ತವನ್ನು ಬಿಟ್ಟು ಹೋದರೂ ಅದು ಮಿದುಳಿನಲ್ಲಿ ಮಾಡಿಟ್ಟ ಏರುಪೇರು ಹೋಗುವುದಿಲ್ಲ. ಹಸಿದಾಗ ಊಟ, ದುಡಿದಾಗ ಫಲ, ಮಗುವಿನ ನಗು, ಇವೆಲ್ಲ ಮನಸ್ಸಿಗೆ ಹಿತವೆನಿಸುವುದರಲ್ಲಿ ಡೋಪಮೀನ್ ಎಂಬ ರಸಕ್ಕೆ ಮುಖ್ಯ ಪಾತ್ರವಿದೆ. ಸುರಿದ ರಸವನ್ನು ಹಿಂದಕ್ಕೆ ಹೀರಿಕೊಳ್ಳುವ ವ್ಯವಸ್ಥೆಯೂ ಮಿದುಳಿನಲ್ಲಿದೆ. ಕೊಕೇನ್ ಆ ಬಾಗಿಲಿಗೆ ಅಗಣಿ ಹಾಕುತ್ತದೆ. ರಸ ಒಳಗೇ ತುಂಬಿ ತುಳುಕುತ್ತದೆ. ದಿನವೂ ಹೀಗಾದರೆ ಮಿದುಳು ತನ್ನ ರಕ್ಷಣೆಗಾಗಿ ಆ ರಸವನ್ನು ಗುರುತಿಸುವ ಗ್ರಾಹಕಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಬಿಟ್ಟು ಮೂರು ನಾಲ್ಕು ತಿಂಗಳಾದ ಮೇಲೂ ಈ ಕೊರತೆ ಉಳಿದಿರುವುದನ್ನು ಮಿದುಳಿನ ಛಾಯಾಚಿತ್ರಗಳಲ್ಲಿ ವಿಜ್ಞಾನಿಗಳು ಕಂಡಿದ್ದಾರೆ. ಆಗ ಮಲ್ಲಿಗೆಯೂ ಕಾಗದದ ಹೂವಿನಂತೆ, ಹಬ್ಬದೂಟವೂ ಸಪ್ಪೆ.

ಬಿಟ್ಟವನ ದಿನಗಳು ಹೀಗೆ ಸಾಗುತ್ತವೆ. ಮೊದಲ ಕೆಲವು ದಿನ ಕಡಲಿನಂಥ ನಿದ್ದೆ, ವಿಪರೀತ ಹಸಿವು, ಎದೆಯ ಮೇಲೆ ಬಂಡೆಯಿಟ್ಟಂಥ ಖಿನ್ನತೆ. ಕುಡಿತ ಬಿಟ್ಟವನಿಗೆ ಬರಬಹುದಾದ ಸೆಳವು, ಸನ್ನಿಗಳ ಅಪಾಯ ಇಲ್ಲಿ ಅಷ್ಟಿಲ್ಲ. ಆದರೆ ಬದುಕೇ ಬೇಡವೆಂಬ ಯೋಚನೆ ಬರಬಹುದಾದ್ದರಿಂದ ಮನೆಯವರು ಕಣ್ಣಿಟ್ಟಿರಬೇಕು, ವೈದ್ಯರಿಗೆ ತಿಳಿಸಬೇಕು. ಅನಂತರ ವಾರಗಳವರೆಗೆ ಬೇಸರ, ಸಿಡುಕು, ಕೆಟ್ಟ ಕನಸು. ನೋಡುವವರಿಗೆ ಇದು ಸೋಮಾರಿತನವಾಗಿ ಕಾಣುತ್ತದೆ. ಮುಂದೆ ಕಳೆ ಬರುತ್ತದೆ, ತೂಕ ಏರುತ್ತದೆ. ‘ಈಗ ಸರಿಹೋದ’ ಎಂದು ಮನೆಯವರು ನಿಟ್ಟುಸಿರು ಬಿಡುವುದು ಆಗಲೇ. ಎಚ್ಚರ ಬೇಕಾದದ್ದೂ ಆಗಲೇ. ಹಳೆಯ ಗೆಳೆಯನೊಬ್ಬ, ಒಂದು ಬೀದಿ, ಕೈಗೆ ಬಂದ ಸಂಬಳ, ಇವುಗಳಲ್ಲಿ ಯಾವುದಾದರೂ ಒಂದು ತಿಂಗಳುಗಳ ಮೇಲೂ ಆಸೆಯನ್ನು ಹೊಡೆದೆಬ್ಬಿಸಬಲ್ಲದು.

ಬಟ್ಲರ್ ಆಸ್ಪತ್ರೆಯಿಂದ ಹಲವು ತಿಂಗಳ ಮೇಲೆ ಹೊರಬಂದ ಹಾಲ್‌ಸ್ಟೆಡನಿಗೆ ನ್ಯೂಯಾರ್ಕಿನ ಬಾಗಿಲು ಮುಚ್ಚಿತ್ತು. ಕೈಬಿಡದವನು ವೆಲ್ಚ್ ಒಬ್ಬನೇ. ಬಾಲ್ಟಿಮೋರಿನಲ್ಲಿ ತನ್ನ ಜೊತೆಯಲ್ಲಿಯೇ ಇರಿಸಿಕೊಂಡು, ತನ್ನ ಪ್ರಯೋಗಶಾಲೆಯಲ್ಲಿ ಕೆಲಸ ಕೊಟ್ಟನು. ಅಲ್ಲಿ ಹಾಲ್‌ಸ್ಟೆಡ್ ಕರುಳನ್ನು ಹೊಲಿಯುವಾಗ ಯಾವ ಪದರ ದಾರವನ್ನು ಬಿಗಿಯಾಗಿ ಹಿಡಿಯುತ್ತದೆಂಬುದನ್ನು ತಾಳ್ಮೆಯಿಂದ ಶೋಧಿಸಿದನು. 1887ರಲ್ಲಿ ಅದನ್ನು ಹಾರ್ವರ್ಡಿನಲ್ಲಿ ವಿದ್ವಾಂಸರ ಮುಂದೆ ಮಂಡಿಸಿದನು. ಗೆದ್ದನೆಂದು ಎಲ್ಲರೂ ತಿಳಿಯುವ ಹೊತ್ತಿಗೆ ಮತ್ತೆ ಜಾರಿ, ಅದೇ ವರ್ಷ ಎರಡನೆಯ ಬಾರಿ ಅದೇ ಆಸ್ಪತ್ರೆಗೆ ಹೋದನು. ವೆಲ್ಚ್ ಆಗಲೂ ಕೈಬಿಡಲಿಲ್ಲ.

1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆದಾಗ ಹಾಲ್‌ಸ್ಟೆಡ್ ಅಲ್ಲಿ ಶಸ್ತ್ರವೈದ್ಯನಾದನು. ಆದರೆ ಬಂದವನು ಹಳೆಯ ಹಾಲ್‌ಸ್ಟೆಡ್ ಅಲ್ಲ. ವೇಗಕ್ಕೆ ಹೆಸರಾಗಿದ್ದವನು ಈಗ ನಿಧಾನಿ; ಕೂಟಪ್ರಿಯನಾಗಿದ್ದವನು ಏಕಾಂತವಾಸಿ. ಆ ನಿಧಾನದಿಂದಲೇ ಶಸ್ತ್ರವಿದ್ಯೆಗೆ ಹೊಸ ದಾರಿ ತೆರೆಯಿತು: ಅಂಗಾಂಶವನ್ನು ಹೂವಿನಂತೆ ಮುಟ್ಟಬೇಕು, ರಕ್ತವನ್ನು ಕೂಡಲೇ ತಡೆಯಬೇಕು, ಅವಸರ ಕೂಡದು. ಕ್ಯಾರೊಲೈನ್ ಹ್ಯಾಂಪ್ಟನ್ ಎಂಬ ದಾದಿಯ ಕೈ ಕ್ರಿಮಿನಾಶಕ ದ್ರಾವಣದಿಂದ ಬಿರಿಯುತ್ತಿರುವುದನ್ನು ನೋಡಲಾರದೆ ಆಕೆಗಾಗಿ ತೆಳುವಾದ ರಬ್ಬರಿನ ಕೈಗವಸುಗಳನ್ನು ಮಾಡಿಸಿದನು. 1890ರಲ್ಲಿ ಆಕೆಯನ್ನೇ ಮದುವೆಯಾದನು. ಇಂದು ಜಗತ್ತಿನ ಶಸ್ತ್ರವೈದ್ಯರೆಲ್ಲ ತೊಡುವ ಕೈಗವಸು ಬಳಕೆಗೆ ಬಂದುದರಲ್ಲಿ ಆ ಅಕ್ಕರೆಯ ಪಾಲು ದೊಡ್ಡದು.

ಲೋಕ ಅವನನ್ನು ವ್ಯಸನ ಗೆದ್ದ ವೀರನೆಂದು ಕೊಂಡಾಡಿತು. ಲೋಕಕ್ಕೆ ತಿಳಿಯದ ಸಂಗತಿಯೊಂದಿತ್ತು. ಅದೇ ಆಸ್ಪತ್ರೆಯ ಹಿರಿಯ ವೈದ್ಯನಾದ ವಿಲಿಯಂ ಆಸ್ಲರನು ಒಂದು ದಿನ ಹಾಲ್‌ಸ್ಟೆಡನು ಚಳಿಯಿಂದ ಗಡಗಡನೆ ನಡುಗುತ್ತಿರುವುದನ್ನು ಕಂಡು ಗುಟ್ಟನ್ನು ಅರಿತನು. ಕೊಕೇನಿನ ಸ್ಥಳದಲ್ಲಿ ಮಾರ್ಫಿನ್ ಬಂದು ಕುಳಿತಿತ್ತು! ದಿನಕ್ಕೆ ಮೂರು ಗ್ರೇನಿಗಿಂತ, ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು 200 ಮಿಲಿಗ್ರಾಮಿಗಿಂತ, ಕಡಿಮೆ ಮಾಡಲು ಅವನಿಂದ ಆಗಿರಲಿಲ್ಲ. ಆಸ್ಲರ್ ಇದನ್ನು ಬರೆದಿಟ್ಟು ಮುದ್ರೆಯೊತ್ತಿಸಿದನು. ಆ ಬರಹ ಲೋಕಕ್ಕೆ ತೆರೆದದ್ದು 1969ರಲ್ಲಿ, ಇಬ್ಬರೂ ಕಾಲವಾಗಿ ಅರ್ಧ ಶತಮಾನ ಸಮೀಪಿಸಿದಾಗ.

ಸಮುದ್ರದ ಆಚೆಗೆ, ವಿಯೆನ್ನಾದಲ್ಲಿ, ಇದೇ ಕಥೆ ತಿರುಗುಮುರುಗಾಗಿ ನಡೆದಿತ್ತು. ಸಿಗ್ಮಂಡ್ ಫ್ರಾಯ್ಡನು ತನ್ನ ಮಿತ್ರ ಫ್ಲೈಷಲ್‌ನನ್ನು ಮಾರ್ಫಿನ್ನಿನಿಂದ ಬಿಡಿಸಲು 1884ರಲ್ಲಿ ಕೊಕೇನನ್ನು ಸೂಚಿಸಿದ್ದನು. ಫ್ಲೈಷಲ್ ಎರಡಕ್ಕೂ ಬಲಿಯಾಗಿ, ನರಳಿ, 1891ರಲ್ಲಿ ತೀರಿಕೊಂಡನು. ಒಂದು ಮುಳ್ಳನ್ನು ಇನ್ನೊಂದು ಮುಳ್ಳಿನಿಂದ ತೆಗೆಯಹೋದವರ ಕಾಲಿನಲ್ಲಿ ಎರಡೂ ಮುರಿದು ಉಳಿದವು.

ಇಂದಿನ ವೈದ್ಯರಿಗೂ ಕೊಕೇನಿನ ವ್ಯಸನಕ್ಕೆಂದೇ ಅಂಗೀಕೃತವಾದ ಒಂದು ಗುಳಿಗೆ ದೊರೆತಿಲ್ಲ. ಇರುವ ಚಿಕಿತ್ಸೆ ಮನೆಯ ಹಿರಿಯರಿಗೆ ಹೊಸದೆನಿಸದು. ಆಸೆ ಎಲ್ಲಿ, ಯಾವಾಗ ತಲೆಯೆತ್ತುತ್ತದೆಂಬುದನ್ನು ರೋಗಿಗೆ ಗುರುತಿಸಲು ಕಲಿಸುವುದು. ಶುದ್ಧವಾಗಿ ಬಂದ ಪ್ರತಿ ಪರೀಕ್ಷೆಗೂ ಸಣ್ಣ ಬಹುಮಾನ ಕೊಟ್ಟು ಉತ್ಸಾಹ ತುಂಬುವುದು. ಹೊತ್ತಿಗೆ ಸರಿಯಾದ ಊಟ, ನಿದ್ದೆ, ಕೈತುಂಬ ಕೆಲಸ. ಎಲ್ಲಕ್ಕಿಂತ ಮಿಗಿಲಾಗಿ, ಜಾರಿದೆನೆಂದು ಹೇಳಿಕೊಳ್ಳಲು ಒಬ್ಬ ಮನುಷ್ಯ. ಜಾರಿದವನು ಕೆಟ್ಟವನಲ್ಲ, ಜಾರಿದ್ದನ್ನು ಮುಚ್ಚಿಡಬೇಕಾಗಿ ಬಂದವನ ಗತಿ ಕಷ್ಟ. ಹಾಲ್‌ಸ್ಟೆಡನಿಗೆ ಕೆಲಸವಿತ್ತು, ಗೆಳೆತನವಿತ್ತು, ಮಡದಿಯ ಒಲವಿತ್ತು. ನಾಲ್ಕು ಜನರ ಮುಂದೆ ಬಾಯಿಬಿಡುವ ಸ್ವಾತಂತ್ರ್ಯ ಮಾತ್ರ ಇರಲಿಲ್ಲ. ವ್ಯಸನವನ್ನು ರೋಗವೆಂದು ಕಾಣದೆ ಕಳಂಕವೆಂದು ಕಾಣುವ ಲೋಕದಲ್ಲಿ ಅವನು ಬೇರೇನು ಮಾಡಬಹುದಿತ್ತು?

ಆದರೂ ಅವನು ಸೋತನೆಂದು ಹೇಳಲು ನಾಲಗೆ ಬಾರದು. 1898ರ ವೇಳೆಗೆ ಮಾರ್ಫಿನ್ ಒಂದೂವರೆ ಗ್ರೇನಿಗೆ ಇಳಿದಿತ್ತೆಂದೂ, 1912ರ ಹೊತ್ತಿಗೆ ಬಹುಶಃ ಅದಿಲ್ಲದೆಯೇ ನಡೆಯುತ್ತಿದ್ದನೆಂದೂ ಆಸ್ಲರ್ ಬರೆದಿದ್ದಾನೆ. ಮೂರು ಗ್ರೇನಿನಿಂದ ಒಂದೂವರೆಗೆ ಇಳಿಯಲು ಹಿಡಿದ ಆ ಏಳೆಂಟು ವರ್ಷಗಳಲ್ಲಿ ಒಂದೊಂದು ದಿನವೂ ಎಷ್ಟು ಉದ್ದವಾಗಿದ್ದಿರಬೇಕು!

1922ರ ಸೆಪ್ಟೆಂಬರ್ 7ರಂದು, ಎಪ್ಪತ್ತಕ್ಕೆ ಕೆಲವೇ ದಿನ ಉಳಿದಿರುವಾಗ, ಹಾಲ್‌ಸ್ಟೆಡ್ ತೀರಿಕೊಂಡನು. ಅವನನ್ನು ಕೊಂಡೊಯ್ದದ್ದು ತಾಯಿಯನ್ನು ಕಾಡಿದ ಅದೇ ಪಿತ್ತದ ಕಲ್ಲಿನ ಬೇನೆ. ಶಸ್ತ್ರಕ್ರಿಯೆ ನಡೆಸಿದವರು ಅವನ ಶಿಷ್ಯರೇ. ಅವರ ಕೈಗಳಲ್ಲಿ ರಬ್ಬರಿನ ಗವಸುಗಳಿದ್ದವು. ಆ ಕೈಗಳಿಗೆ ಅವಸರ ಕೂಡದೆಂದು ಕಲಿಸಿದವನು ಅವನೇ ಆಗಿದ್ದನು. ಮೂರು ತಿಂಗಳು ತುಂಬುವ ಮೊದಲೇ ಕ್ಯಾರೊಲೈನಳೂ ಅವನನ್ನು ಹಿಂಬಾಲಿಸಿದಳು.